ಕುಂಕುಮ ಇಟ್ಟ ಕ್ಯಾಮೆರಾ

"ಇನ್ನೊಂದು ಸಲ ಹಾಕು," ಎಂದೆ.

ರುದ್ರೇಶ್ ನನ್ನ ಮುಖ ನೋಡಿದ, ಆಮೇಲೆ ಕುಲಸಚಿವರ ಮುಖ ನೋಡಿದ. ಆ ಸಿ.ಡಿ.ಯನ್ನು ಅವನು ಅದಾಗಲೇ ಮೂರು ಸಲ ಹಾಕಿ ತೋರಿಸಿದ್ದ.

"ಎಷ್ಟು ಸಲ ನೋಡಿದರೂ ಅದೇ ಹುಡುಗಿ ಕಣ್ರೀ ಸೋಮಶೇಖರ್," ಎಂದರು ಕುಲಸಚಿವ ಗಂಗಾಧರಸ್ವಾಮಿಯವರು. "ಯಂತ್ರ ಸುಳ್ಳು ಹೇಳಲ್ಲ."

ಆ ಮಾತನ್ನು ಬೆಳಗಿನಿಂದ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಪೊಲೀಸ್ ಇಲಾಖೆಯಲ್ಲಿ ಬೂಟು ಸವೆಸಿ ನಿವೃತ್ತನಾಗಿ, ನಂಜನಗೂಡಿನ ಮನೆಯಲ್ಲಿ ಕಾಲು ಚಾಚಿಕೊಂಡಿರಬೇಕಾದವನು ನಾನು. ಸುಮ್ಮನಿರಲಾರದೆ ಈ ಸಂಗಮ ವಿಶ್ವವಿದ್ಯಾಲಯಕ್ಕೆ ಭದ್ರತಾ ಅಧಿಕಾರಿಯಾಗಿ ಬಂದೆ. ಯಂತ್ರಗಳ ಸತ್ಯಸಂಧತೆಯ ಬಗ್ಗೆ ಪಾಠ ಕೇಳಿಸಿಕೊಳ್ಳುವ ಯೋಗ ಹಣೆಯಲ್ಲಿ ಬರೆದಿತ್ತು.

ಭಾನುವಾರ, ವಿಜಯದಶಮಿಯ ದಿನ, ಪರೀಕ್ಷಾ ವಿಭಾಗದಲ್ಲಿ ಮುದ್ರೆ ಒಡೆದು ಪ್ರಶ್ನೆಪತ್ರಿಕೆ ಹೊರಹೋಗಿತ್ತು. ಅಂದಿನಿಂದ ಕ್ಯಾಂಪಸ್ಸಿನ ಬಾಯಲ್ಲಿ ಇದ್ದದ್ದು ಒಂದೇ ಹೆಸರು, ಇಂದ್ರಾಣಿ.

ವಿಚಾರಣಾ ಸಮಿತಿಯವರು ಸುತ್ತ ಕೂತಿದ್ದ ಮೇಜಿನ ಆ ತುದಿಯಲ್ಲಿ ಇಂದ್ರಾಣಿ ಕೂತಿದ್ದಳು. ಎಂ.ಎಸ್ಸಿ. ಕೊನೆಯ ವರ್ಷ. ಮುಡುಕುತೊರೆ ಕಡೆಯ ಹುಡುಗಿ. ಐದಡಿ ತುಂಬದ ಜೀವ, ಆದರೆ ದನಿ ಮಾತ್ರ ಮೈಕು ಬೇಡದ್ದು. ಬಾಗಿಲ ಬಳಿ ಅವಳ ಅಪ್ಪ ಮರಿಯಯ್ಯ ನಿಂತೇ ಇದ್ದ. ಕೂಲಿ ಬಿಟ್ಟು ಬಂದಿದ್ದ. ಕೂತುಕೋ ಎಂದು ಎರಡು ಸಲ ಹೇಳಿದರೂ ಕೂತಿರಲಿಲ್ಲ. ಅವನ ವಂಶದಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅವಳನ್ನು ವಿಶ್ವವಿದ್ಯಾಲಯದಿಂದ ಹೊರಹಾಕುವ ಆದೇಶ ಟೈಪಾಗಿ ಕುಲಸಚಿವರ ಮುಂದೆ ಬಿದ್ದಿತ್ತು. ಸಹಿ ಒಂದು ಬಾಕಿ.

ಅವಳ ಪಕ್ಕದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಗುರುಬಸಮ್ಮ ಮೇಡಂ, ಹುಡುಗಿಯ ಕೈ ಹಿಡಿದುಕೊಂಡು. ಆಕೆಯ ಸೊಂಟದಲ್ಲಿ ಯಾವಾಗಿನಂತೆ ಹಾಸ್ಟೆಲಿನ ಬೀಗದ ಕೈಗಳ ಗೊಂಚಲು. ಬೆಳಿಗ್ಗೆ ನಾನು ಸೋನೆಯಲ್ಲಿ ತೊಯ್ದುಕೊಂಡು ಬಂದಾಗ ತಲೆ ಒರೆಸಿಕೊಳ್ಳಲು ಟವೆಲು ಕೊಟ್ಟವರು ಆಕೆಯೇ. ಆಯುಧಪೂಜೆಯ ಶನಿವಾರ ಸಂಜೆ ಮಳೆ ಬಂದಾಗ ನನ್ನ ಮಳೆಕೋಟನ್ನು ಆಕೆಗೆ ಹೊದಿಸಿ ಹಾಸ್ಟೆಲಿಗೆ ಕಳಿಸಿದ್ದೆ. "ನಿಮ್ಮ ಕೋಟು ಹಾಸ್ಟೆಲಿನ ಗೂಟದಲ್ಲೇ ಇದೆ, ಸಂಜೆ ಕಳಿಸ್ತೀನಿ," ಎಂದು ನಾಚಿಕೊಂಡು ಹೇಳಿದ್ದರು. ನನ್ನ ಹೆಂಡತಿ ತೀರಿಕೊಂಡ ಮೇಲೆ ಹಬ್ಬಕ್ಕೆ ಒಬ್ಬಟ್ಟು ಬರುವುದು ಆ ಒಂದು ಕಡೆಯಿಂದ ಮಾತ್ರ. ಸುಳ್ಳೇಕೆ, ಆಕೆಯನ್ನು ಕಂಡರೆ ನನಗೆ ತುಂಬಾ ಗೌರವ.

ವಿಚಾರಣೆ ಶುರುವಾದಾಗ ಆ ಹುಡುಗಿಯ ಪರ ಎದ್ದು ನಿಂತವರು ಕೂಡ ಆಕೆ ಒಬ್ಬರೇ.

"ನಂಜುಂಡೇಶ್ವರನ ಆಣೆಗೂ ಈ ಮಗು ಅಲ್ಲಿಗೆ ಹೋಗಿಲ್ಲ ಸಾರ್," ಎಂದಿದ್ದರು. "ನನಗೆ ಗೊತ್ತು."

ಆಣೆಗೆ ಯಂತ್ರದ ಮುಂದೆ ಏನು ಬೆಲೆ? ಕುಲಸಚಿವರು ತಲೆ ಅಲ್ಲಾಡಿಸಿದ್ದರು.

ರುದ್ರೇಶ್ ನಾಲ್ಕನೇ ಸಲ ಸಿ.ಡಿ. ಹಾಕಿದ.

ಟಿ.ವಿ.ಯಲ್ಲಿ ಪರೀಕ್ಷಾ ವಿಭಾಗದ ಓಣಿ ಕಂಡಿತು. ಒಂದು ಗೋಡೆಗೆ ನೋಟಿಸ್ ಬೋರ್ಡು, ಕೊನೆಗೆ ಒಂದು ತಿರುವು. ತಿರುವಿನ ಆಚೆ ಇರುವುದು ಅರ್ಜಿ ಕೊಡುವ ಕಿಂಡಿ ಮತ್ತು ಪ್ರಶ್ನೆಪತ್ರಿಕೆಯ ಕೋಣೆ, ಹಬ್ಬದ ದಿನ ಕಿಂಡಿ ಮುಚ್ಚಿರುತ್ತದೆ. ಇಂದ್ರಾಣಿ ನೀಲಿ ಚೂಡಿದಾರದಲ್ಲಿ ಬಂದಳು. ಹಿಂದೆ ಒಮ್ಮೆ ತಿರುಗಿ ನೋಡಿದಳು. ತಿರುವಿನಲ್ಲಿ ಮರೆಯಾದಳು. ಕೆಳಗೆ ಮೂಲೆಯಲ್ಲಿ ವಿಜಯದಶಮಿಯ ತಾರೀಖು, ಸಂಜೆಯ ಹೊತ್ತು.

ಅವಳು ಮೊದಲಿನಿಂದ ಹೇಳುತ್ತಿದ್ದದ್ದು ಒಂದೇ. ಹಬ್ಬಕ್ಕೆ ಮುಂಚೆ ಪರೀಕ್ಷೆಯ ಅರ್ಜಿ ಕೊಡಲು ಆ ಓಣಿಗೆ ಹೋಗಿದ್ದೆ, ವಿಜಯದಶಮಿಯ ದಿನ ಹೋಗಿಲ್ಲ ಎಂದು. ಯಾರು ನಂಬುತ್ತಾರೆ, ತಾರೀಖು ಕಣ್ಣಿಗೆ ಕಾಣುತ್ತಿರುವಾಗ?

ಈ ಸಿ.ಡಿ.ಯನ್ನು ಕುಲಸಚಿವರು ಇಷ್ಟು ದಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಾನು ನೋಡುತ್ತಿರುವುದು ಅಂದೇ ಮೊದಲು. ಮೊದಲ ಸಲ ನೋಡಿದಾಗಲೇ ಎಲ್ಲೋ ಏನೋ ಚುಚ್ಚಿತ್ತು. ಎರಡನೇ ಸಲ ಹುಡುಗಿಯ ನಡಿಗೆ ನೋಡಿದೆ. ಮೂರನೇ ಸಲ ಅವಳ ಚೀಲ ನೋಡಿದೆ. ನಾಲ್ಕನೇ ಸಲ ಹುಡುಗಿಯನ್ನು ಬಿಟ್ಟು ಬರೀ ಚಿತ್ರ ನೋಡಿದೆ.

ಚಿತ್ರ ಕನ್ನಡಿಯಂತೆ ತಿಳಿಯಾಗಿತ್ತು. ನೋಟಿಸ್ ಬೋರ್ಡಿನ ಗುಂಡುಸೂಜಿಗಳು ಕೂಡ ಕಾಣುತ್ತಿದ್ದವು.

ಅಯ್ಯೋ ನನ್ನ ಮಂಕುಬುದ್ಧಿಯೇ ಎಂದುಕೊಂಡೆ. ನಗು ಉಕ್ಕಿ ಬಂತು. ಕೆಮ್ಮಿ ಮುಚ್ಚಿಕೊಂಡೆ.

"ಏನ್ರೀ ಅದು?" ಎಂದರು ಕುಲಸಚಿವರು.

"ಏನಿಲ್ಲ ಸಾರ್. ರುದ್ರೇಶನ ಹತ್ತಿರ ಎರಡು ಮಾತು ಕೇಳಬೇಕು."

ರುದ್ರೇಶ್ ಕ್ಯಾಮೆರಾ ಗುತ್ತಿಗೆಯವರ ಕಡೆಯಿಂದ ಬಂದವನು, ಕಂಟ್ರೋಲ್ ರೂಮಿನ ಉಸ್ತುವಾರಿ. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ಮೊಬೈಲು. ಎರಡು ಸಾವಿರದ ಏಳನೇ ಇಸವಿಯಲ್ಲಿ ಅಂಥ ಕ್ಯಾಮೆರಾ ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಬಿಟ್ಟರೆ ನಮ್ಮ ಸೀಮೆಯಲ್ಲಿ ಕಂಡವರು ಕಡಿಮೆ. ಹಾಗಾಗಿ ಅವನಿಗೆ ಅಧ್ಯಾಪಕರೂ ನಮಸ್ಕಾರ ಹೊಡೆಯುತ್ತಿದ್ದರು.

ಕ್ಯಾಮೆರಾ ಬೇಕೆಂದು ಮೊದಲು ಗಂಟಲು ಹರಿದುಕೊಂಡವಳು ಇದೇ ಇಂದ್ರಾಣಿ. ಬಸ್‌ಸ್ಟಾಪಿನಿಂದ ಹಾಸ್ಟೆಲಿಗೆ ಬರುವ ಕತ್ತಲ ದಾರಿಯಲ್ಲಿ ಹುಡುಗಿಯರ ಹಿಂದೆ ಬೀಳುವ ಪೋಕರಿಗಳ ಕಾಟ ಅತಿಯಾದಾಗ, ದೀಪ ಹಾಕಿ, ಕ್ಯಾಮೆರಾ ಹಾಕಿ ಎಂದು ಎಲ್ಲರನ್ನೂ ಕಟ್ಟಿಕೊಂಡು ಗೇಟಿನಲ್ಲಿ ಕೂತಿದ್ದಳು. ಹಾಗೆ ಬಂದ ಕ್ಯಾಮೆರಾ ಈಗ ಅವಳ ಕೊರಳಿಗೇ ಉರುಳಾಗಿತ್ತು.

"ಹಬ್ಬಕ್ಕೆ ಎಲ್ಲಿದ್ದೆ ಮಾರಾಯ?" ಎಂದು ಕೇಳಿದೆ.

ನಂಜನಗೂಡಿನಲ್ಲಿದ್ದೆ, ಅಪ್ಪನ ರೈಸ್‌ಮಿಲ್ಲಿನಲ್ಲಿ ಪೂಜೆ ಇತ್ತು, ಶನಿವಾರ ಭಾನುವಾರ ರಜೆ ಹಾಕಿ ಸೋಮವಾರ ಬೆಳಿಗ್ಗೆ ಬಂದೆ ಎಂದ.

"ಬಂದಾಗ ಆ ಓಣಿಯ ಕ್ಯಾಮೆರಾ ಹೇಗಿತ್ತು?"

"ಚೆನ್ನಾಗೇ ಇತ್ತು ಸಾರ್."

"ಭಾನುವಾರ?"

"ಭಾನುವಾರನೂ ಚೆನ್ನಾಗೇ ಇತ್ತು. ನೀವೇ ನೋಡ್ತಾ ಇದ್ದೀರಲ್ಲ. ಎಷ್ಟು ಕ್ಲಿಯರ್ ಇದೆ."

"ಇದು ಭಾನುವಾರದ್ದೇ ತಾನೆ? ಖಂಡಿತ?"

"ಖಂಡಿತ ಸಾರ್."

ಮೀನು ಗಾಳ ನುಂಗಿತ್ತು. ನಾನು ಬಾಗಿಲ ಕಡೆ ತಿರುಗಿ, ಹೊರಗೆ ಕಾಯುತ್ತಿರುವ ಪುಟ್ಟಬಸವಯ್ಯನನ್ನು ಒಳಗೆ ಕಳಿಸು ಎಂದು ಮರಿಯಯ್ಯನಿಗೆ ಹೇಳಿದೆ.

ಪುಟ್ಟಬಸವಯ್ಯ ನಮ್ಮ ಗಾರ್ಡು. ಚಿಕ್ಕಯ್ಯನಛತ್ರದವನು. ಮೀಸೆ ನೋಡಿದರೆ ಹುಲಿ, ಎದೆ ಮುಟ್ಟಿ ನೋಡಿದರೆ ಮೊಲ. ಒಳಗೆ ಬಂದವನು ಕುಲಸಚಿವರ ಕೋಣೆಯ ಜಮಖಾನ ನೋಡಿಯೇ ಬೆವೆತುಹೋದ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಒಪ್ಕೊಬುಡ್ತೀನಿ ಸಾ," ಎಂದ. "ಮಾಡಿದ್ದು ನಾನೇ."

ಗಂಗಾಧರಸ್ವಾಮಿಯವರು ಕುರ್ಚಿಯಿಂದ ಅರ್ಧ ಎದ್ದರು. ರುದ್ರೇಶನ ಬಾಯಿ ತೆರೆದೇ ಇತ್ತು.

"ಏನು ಮಾಡಿದೆ ಅದನ್ನ ಹೇಳಯ್ಯ," ಎಂದೆ.

"ಆಯುಧಪೂಜೆ ಅಲ್ವಾ ಸಾ. ಲಾಠಿಗೆ ಮಾಡ್ದೆ. ಸೈಕಲ್ಗೆ ಮಾಡ್ದೆ. ಟಾರ್ಚಿಗೂ ಮಾಡ್ದೆ. ಇಡೀ ಕ್ಯಾಂಪಸ್ ಕಾಯೋದು ಆ ಕ್ಯಾಮ್ರ, ಅದ್ನ ಎಂಗ್ ಬುಡೋದು? ಏಣಿ ಆಕಿ ಅತ್ತಿ ಇಬೂತಿ ಎಳ್ದು ಕುಂಕುಮ ಇಟ್ಟೆ."

"ಎಲ್ಲಿ ಇಟ್ಟೆ?"

"ಕಣ್ಗೆ ಸಾ. ಅದ್ರ ಗಾಜ್ಗೆ. ಕೆಲ್ಸ ಮಾಡೋದು ಕಣ್ಣು ತಾನೆ?"

ಶನಿವಾರ ಆ ಸಂಭ್ರಮವನ್ನು ನಾನೇ ಕಣ್ಣಾರೆ ಕಂಡಿದ್ದೆ. ಮೂರು ಬೆರಳಿನ ವಿಭೂತಿ, ಅದರ ಮೇಲೆ ಕಾಸಿನಗಲದ ಒದ್ದೆ ಕುಂಕುಮ, ಗಾಜಿನ ನಟ್ಟನಡುವೆ. ತಲೆ ಕೆಟ್ಟು ಹೋಗಿ ಅವನ ಮೂರು ತಲೆಮಾರನ್ನು ನೆನೆದು ಬೈದಿದ್ದೆ, ಈಗಲೇ ಒರೆಸು ಎಂದಿದ್ದೆ. ಆ ಮೊಲ ಅವತ್ತು ಹುಲಿಯಾಗಿಬಿಟ್ಟಿತು. ಪೂಜೆ ಮಾಡಿದ ಕುಂಕುಮವನ್ನು ವಿಜಯದಶಮಿ ಮುಗಿಯುವ ಮುಂಚೆ ಒರೆಸಿದರೆ ಮನೆಗೆ ಒಳ್ಳೆಯದಾಗುವುದಿಲ್ಲ, ಬೇಕಾದರೆ ಕೆಲಸದಿಂದ ತೆಗೆಯಿರಿ ಎಂದ. ಸೋಮವಾರ ಬೆಳಗಾಗುತ್ತಲೇ ತಾನೇ ಏಣಿ ಹಾಕಿ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿದ್ದ. ರುದ್ರೇಶ್ ಬಂದದ್ದು ಆಮೇಲೆ.

ಇಷ್ಟನ್ನೂ ಸಮಿತಿಯ ಮುಂದೆ ಬಿಡಿಸಿ ಹೇಳಿದೆ. ಭಾನುವಾರ ಇಡೀ ದಿನ ಆ ಕ್ಯಾಮೆರಾದ ಕಣ್ಣಿಗೆ ಕುಂಕುಮ ಮೆತ್ತಿತ್ತು. ಹಾಗಿರುವಾಗ ಭಾನುವಾರದ ಚಿತ್ರದಲ್ಲಿ ಗುಂಡುಸೂಜಿ ಕಾಣುವುದು ಹೇಗೆ?

ಗಂಗಾಧರಸ್ವಾಮಿಯವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಇವರಿಬ್ಬರೂ ಸೇರಿ ಕಟ್ಟಿದ ಕತೆ ಸಾರ್," ಎಂದ ರುದ್ರೇಶ್. ದನಿ ಒಂದು ಮೆಟ್ಟಿಲು ಮೇಲೆ ಹೋಗಿತ್ತು.

"ಕತೆನೋ ನಿಜವೋ ಶನಿವಾರದ ಚಿತ್ರ ಹಾಕು, ಗೊತ್ತಾಗತ್ತೆ. ಸಿ.ಡಿ. ಬೇಡ. ನಿನ್ನ ರೆಕಾರ್ಡಿಂಗ್ ಪೆಟ್ಟಿಗೆಯಲ್ಲೇ ಇರುತ್ತಲ್ಲ, ಅದು."

"ಅದು ಅಳಿಸಿಹೋಗಿದೆ."

ಅವನ ಗ್ರಹಚಾರ, ಉದ್ಘಾಟನೆಯ ದಿನ ಒಂದು ತಿಂಗಳಿನ ಚಿತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂದು ಭಾಷಣ ಮಾಡಿದವರು ಗಂಗಾಧರಸ್ವಾಮಿಯವರೇ. ಆ ಭಾಷಣವನ್ನು ಬರೆದುಕೊಟ್ಟವನು ರುದ್ರೇಶ್. ಕುಲಸಚಿವರು ತಮ್ಮ ಭಾಷಣವನ್ನು ಮರೆಯುವ ಪೈಕಿಯವರಲ್ಲ.

"ನಡೀರಿ," ಎಂದು ಅವರೇ ಎದ್ದರು.

ಎಲ್ಲರೂ ಪಕ್ಕದ ಕಂಟ್ರೋಲ್ ರೂಮಿಗೆ ನುಗ್ಗಿದೆವು. ಮರಿಯಯ್ಯನೂ ಬಂದ, ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ. ರುದ್ರೇಶ್ ಪೆಟ್ಟಿಗೆಯ ಮುಂದೆ ಕೂತು ಗುಂಡಿ ಒತ್ತಿದ.

ಶನಿವಾರದ ಓಣಿ ಕಂಡಿತು. ಖಾಲಿ. ಆಮೇಲೆ ಏಣಿಯ ತುದಿ ಬಂದು ಗೋಡೆಗೆ ತಾಗಿತು. ಆಮೇಲೆ ಪುಟ್ಟಬಸವಯ್ಯನ ಮೀಸೆ ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ಬಂದು ಇಡೀ ಟಿ.ವಿ.ಯನ್ನು ತುಂಬಿಕೊಂಡಿತು. ಕಣ್ಣು ಮುಚ್ಚಿ ಏನೋ ಮಣಮಣ ಅಂದ. ಮೂರು ದಪ್ಪ ಬೆರಳು ಬಂದು ಅಡ್ಡಡ್ಡ ಎಳೆದವು, ಬೆಳ್ಳಗೆ ಮಬ್ಬಾಯಿತು. ಹೆಬ್ಬೆರಳು ಬಂದು ಒತ್ತಿತು, ನಡುವೆ ಕೆಂಪಾಯಿತು. ಆ ಕೆಂಪಿನ ಆಚೆ ಕರ್ಪೂರದ ಆರತಿ ಸುತ್ತುತ್ತಿರುವುದು ಕಂಡಿತು. ಕೊನೆಗೆ ಅವನು ಕ್ಯಾಮೆರಾಕ್ಕೆ ಕೈ ಮುಗಿದ.

ಮೊದಲು ನಕ್ಕವಳು ಇಂದ್ರಾಣಿ. ಇಷ್ಟು ದಿನದಲ್ಲಿ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಅವಳ ಹಿಂದೆಯೇ ಸಮಿತಿಗೆ ಸಮಿತಿಯೇ ಬಿದ್ದು ಬಿದ್ದು ನಕ್ಕಿತು. ಗಂಗಾಧರಸ್ವಾಮಿಯವರ ಹೊಟ್ಟೆ ಕುಣಿಯುತ್ತಿತ್ತು. ಪುಟ್ಟಬಸವಯ್ಯ ಮಾತ್ರ ತನ್ನ ಪೂಜೆ ಶಾಸ್ತ್ರೋಕ್ತವಾಗಿತ್ತೋ ಇಲ್ಲವೋ ಎಂದು ಗಂಭೀರವಾಗಿ ಪರೀಕ್ಷಿಸುತ್ತಿದ್ದ. ಸಂತೋಷಕ್ಕೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ನಗು ನಿಂತ ಮೇಲೆ ರುದ್ರೇಶನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದೆ.

"ಯಂತ್ರ ಸುಳ್ಳು ಹೇಳಲಿಲ್ಲ ಸಾರ್," ಎಂದೆ ಕುಲಸಚಿವರಿಗೆ. "ಯಂತ್ರದ ಮುಂದೆ ಕೂತೋನು ಹೇಳಿದ. ರುದ್ರೇಶ, ಯಾಕೆ ಹೇಳಿದೆ ಅಂತ ನೀನು ಹೇಳ್ತೀಯೋ, ನಾನು ಹೇಳಲೋ?"

ಅವನು ತಲೆ ತಗ್ಗಿಸಿದ. ಹೇಳಿದವಳು ಇಂದ್ರಾಣಿ. ಎದ್ದು ನಿಂತು, ಅಳುಕದೆ, ಎಲ್ಲರ ಮುಂದೆ ಹೇಳಿದಳು.

"ನೀರಿನ ಟ್ಯಾಂಕ್ ಹತ್ರದ ಕ್ಯಾಮ್ರ ದಾರಿ ನೋಡ್ಬೇಕು ಸಾ. ಇವ್ರು ಅದನ್ನ ನಮ್ಮ ಹಾಸ್ಟೆಲ್ ಬಟ್ಟೆ ಒಣಗಾಕೋ ಕಡೀಕೆ ತಿರುಗಿಸಿದ್ರು. ವಾಪಸ್ ತಿರುಗಿಸ್ದೇ ಇದ್ರೆ ವಿ.ಸಿ. ತಾವ ಓಗ್ತೀನಿ ಅಂತ ಅಂದಿದ್ದೆ. ಅಷ್ಟೇ ನಾನು ಮಾಡಿದ ತಪ್ಪು."

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಹೆಣ್ಣುಮಕ್ಕಳನ್ನು ಕಾಯಲೆಂದು ಇಟ್ಟ ಕಣ್ಣು ಹೆಣ್ಣುಮಕ್ಕಳ ಮೇಲೇ ಬಿದ್ದಿತ್ತು. ನನಗೆ ಮೈಯೆಲ್ಲ ಉರಿಯಿತು. ಹಳೆಯ ಕಾಲದ ಪೊಲೀಸಾಗಿದ್ದರೆ ಕೈ ಮುಂದಾಗುತ್ತಿತ್ತು. ಕೈಯನ್ನು ಜೇಬಿಗೆ ಹಾಕಿಕೊಂಡೆ.

ರುದ್ರೇಶ್ ಬಾಯಿ ಬಿಟ್ಟ. ಸೋಮವಾರ ಕುಲಸಚಿವರು ಚಿತ್ರ ಕೇಳಿದಾಗ ತೆಗೆದು ನೋಡಿದನಂತೆ, ಬರೀ ಕೆಂಪು ಮಬ್ಬು. ಮಳೆಯ ತೇವಕ್ಕೆ ಗಾಜು ಕೆಟ್ಟಿದೆ, ಗೊತ್ತಾದರೆ ಗುತ್ತಿಗೆ ಕೈತಪ್ಪುತ್ತದೆ ಎಂದು ಹೆದರಿದನಂತೆ. ಹಬ್ಬಕ್ಕೆ ಮುಂಚಿನ ಚಿತ್ರದಲ್ಲಿ ಇಂದ್ರಾಣಿ ಸಿಕ್ಕಳು. ಅದಕ್ಕೆ ಕಂಪ್ಯೂಟರಿನಲ್ಲಿ ಬೇರೆ ತಾರೀಖು ಅಂಟಿಸಿ ಸಿ.ಡಿ. ಮಾಡಿದ. ಒಂದೇ ಕಲ್ಲಿಗೆ ಎರಡು ಹಕ್ಕಿ.

"ಆದರೆ ಪೇಪರ್ ನಾನು ಮುಟ್ಟಿಲ್ಲ ಸಾರ್," ಎಂದು ಅಳತೊಡಗಿದ. "ನಾನು ಊರಲ್ಲೇ ಇರಲಿಲ್ಲ."

ಅದು ನಿಜವಿರಬೇಕು. ಅಳು ನೋಡಿ ನಿಜ ಸುಳ್ಳು ಅಳೆಯುವ ವಿದ್ಯೆ ನನಗೆ ಸ್ವಲ್ಪ ಬರುತ್ತದೆ.

ಗಂಗಾಧರಸ್ವಾಮಿಯವರು ದೊಡ್ಡ ಮನುಷ್ಯ, ಒಪ್ಪಬೇಕಾದ್ದೇ. ಆದೇಶದ ಹಾಳೆ ತರಿಸಿ, ಎಲ್ಲರೂ ನೋಡುತ್ತಿರುವಂತೆ ಹರಿದು ಎರಡು ಮಾಡಿ ನಾಲ್ಕು ಮಾಡಿದರು.

"ತಪ್ಪಾಯ್ತಮ್ಮ," ಎಂದರು ಇಂದ್ರಾಣಿಗೆ. "ಪರೀಕ್ಷೆ ಬರಿ. ಚೆನ್ನಾಗಿ ಬರಿ."

ಮರಿಯಯ್ಯ ಆಗ ಕೂತ. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ಅವನನ್ನು ಎಬ್ಬಿಸಿ ಕುಲಸಚಿವರಿಗೆಂದು ಹಾಕಿದ್ದ ಮೆತ್ತನೆ ಕುರ್ಚಿಯಲ್ಲಿ ಕೂರಿಸಿದೆ. ಈ ಸಲ ಬೇಡ ಎನ್ನಲಿಲ್ಲ.

"ಗೆದ್ಲು ಬುಡಿ ಸಾ ನಮ್ಮವ್ವ," ಎಂದ. ಅಷ್ಟೇ ಅಂದದ್ದು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಇಂದ್ರಾಣಿ ಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದು, ಕಾಲು ಗೀಲು ಬೇಡ, ಇವತ್ತು ಮಾತಾಡಿದೆಯಲ್ಲ, ಹಾಗೇ ಇರು ಎಂದೆ. ಕಂಡದ್ದನ್ನು ಕಂಡ ಹಾಗೆ ಹೇಳು, ಎದುರಿಗೆ ಇರುವವನು ಯಾರು ಅಂತ ನೋಡಬೇಡ ಎಂದೆ. ಗೆದ್ದ ಹುರುಪಿನಲ್ಲಿ ಬಾಯಿಗೆ ಬರುವ ಮಾತುಗಳು ಇಂಥವೇ.

ಹೊರಗೆ ಹುಡುಗಿಯರಿಗೆ ಅದಾಗಲೇ ಸುದ್ದಿ ಮುಟ್ಟಿತ್ತು. ಓಣಿಯಲ್ಲಿ ಕೇಕೆ, ಚಪ್ಪಾಳೆ. ಯಾರೋ ಪುಟ್ಟಬಸವಯ್ಯನಿಗೆ ಜೈ ಅಂದರು. ಅವನು ಮೀಸೆ ತಿರುವಿಕೊಂಡು ಬಾಗಿಲಲ್ಲಿ ನಿಂತ.

"ಸರಿ," ಎಂದರು ಗಂಗಾಧರಸ್ವಾಮಿಯವರು. "ಹಾಗಾದರೆ ಮುದ್ರೆ ಒಡೆದದ್ದು ಯಾರು? ಭಾನುವಾರದ್ದು ಹಾಕು. ಕೆಂಪಗಿದ್ದರೆ ಕೆಂಪಗಿರಲಿ."

ಗುರುಬಸಮ್ಮ ಮೇಡಂ ಎದ್ದರು. ಹಾಸ್ಟೆಲಿನಲ್ಲಿ ಊಟದ ಹೊತ್ತಾಯಿತು, ಊಟದ ಮನೆ ಬೀಗ ತೆಗೆಯಬೇಕು ಎಂದರು. ಇಂದ್ರಾಣಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆ ಮುಟ್ಟಿದರು, ಅವಳ ಕೈ ಅದುಮಿದರು, ಹೊರಟುಹೋದರು. ಎಂಥ ತಾಯಿಕರುಳು ಎಂದುಕೊಂಡೆ ನಾನು.

ಭಾನುವಾರದ ಚಿತ್ರ ಓಡಿತು. ನಡುವೆ ಕೆಂಪು, ಅಂಚುಗಳಲ್ಲಿ ಒಂದಿಷ್ಟು ತಿಳಿ. ಬೆಳಗು, ಮಧ್ಯಾಹ್ನ, ಏನಿಲ್ಲ. ಸಂಜೆಯ ಹೊತ್ತಿಗೆ ಒಂದು ಆಕೃತಿ ಬಂತು. ಮೈತುಂಬ ಕೋಟು, ತಲೆಗೆ ಟೋಪಿ. ಮುಖ ಕುಂಕುಮದ ಹಿಂದೆ. ತಲೆ ನೋಟಿಸ್ ಬೋರ್ಡಿನ ಮೇಲಂಚಿಗೆ ಹತ್ತಿರ ಬರುತ್ತಿತ್ತು. ಇಂದ್ರಾಣಿ ತುದಿಗಾಲಲ್ಲಿ ನಿಂತರೂ ಅಷ್ಟು ಎತ್ತರ ಬರುವುದಿಲ್ಲ.

"ಇವಳಂತೂ ಅಲ್ಲವೇ ಅಲ್ಲ," ಎಂದರು ಸಮಿತಿಯವರೊಬ್ಬರು. ಎಲ್ಲರೂ ತಲೆಯಾಡಿಸಿದರು.

ಆಕೃತಿ ತಿರುವಿನಲ್ಲಿ ಮರೆಯಾಗಿ, ಸ್ವಲ್ಪ ಹೊತ್ತಿಗೆ ಕೋಟಿನೊಳಗೆ ಏನನ್ನೋ ಅವುಚಿಕೊಂಡು ವಾಪಸು ಬಂತು. ಚಿತ್ರದ ತಿಳಿಯಾದ ಅಂಚಿಗೆ ಬಂದಾಗ ಏನೋ ಸದ್ದು ಕೇಳಿದಂತೆ ಗಕ್ಕನೆ ಹಿಂದಕ್ಕೆ ತಿರುಗಿತು. ಬೆನ್ನು ಪೂರ್ತಿ ಕಂಡಿತು.

ಬಲ ಹೆಗಲ ಕೆಳಗೆ ಅಂಗೈಯಗಲದ ಕಪ್ಪು ತೇಪೆ.

ಬೇಲಿಯ ಮುಳ್ಳಿಗೆ ಹರಿದ ಕೋಟಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿಕೊಂಡು ತಿರುಗುವವನು ಆ ಕ್ಯಾಂಪಸ್ಸಿನಲ್ಲಿ ಒಬ್ಬನೇ. ಅದಕ್ಕೆ ಹುಡುಗರು ನನ್ನನ್ನು ಆಡಿಕೊಂಡು ನಗುತ್ತಾರೆ. ಯಾರೂ ಗಮನಿಸಿಲ್ಲ, ಒಂದು ಗಳಿಗೆಯ ನೋಟದಲ್ಲಿ ಯಾರಿಗೆ ಕಾಣುತ್ತದೆ ಎಂದುಕೊಂಡೆ.

"ಸಾ," ಎಂದಳು ಇಂದ್ರಾಣಿ. ದನಿ ಸಣ್ಣದಾಗಿತ್ತು, ಆದರೂ ಹೇಳಿದಳು. "ಅದು ನಿಮ್ಮ ಕೋಟು."

ಎಲ್ಲರೂ ನನ್ನ ಕಡೆ ತಿರುಗಿದರು. ಈಗ ತಾನೆ ನನ್ನ ಕೈ ಕುಲುಕಿದ್ದ ಗಂಗಾಧರಸ್ವಾಮಿಯವರು ಕನ್ನಡಕ ಹಾಕಿಕೊಂಡರು.

"ಭಾನುವಾರ ನಿಮ್ಮ ಕೋಟು ಯಾರ ಹತ್ತಿರ ಇತ್ತು ಸೋಮಶೇಖರ್?"

ಹೆಸರು ನಾಲಿಗೆಯ ತುದಿಯಲ್ಲಿತ್ತು, ಹೊರಗೆ ಬರಲೊಲ್ಲದು. ಶನಿವಾರದ ಮಳೆಯಲ್ಲಿ ಆಕೆಗೆ ಹೊದಿಸಿದ ಕೋಟು, ಬೆಳಗಿನ ಟವೆಲು, ಹಬ್ಬದ ಒಬ್ಬಟ್ಟು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಈ ಮಗು ಅಲ್ಲಿಗೆ ಹೋಗಿಲ್ಲ, ನನಗೆ ಗೊತ್ತು ಎಂದು ದೇವರ ಮೇಲೆ ಆಣೆಯಿಟ್ಟು ಹೇಳಿದವರು ಆಕೆ ಒಬ್ಬರೇ. ಅಷ್ಟು ಖಂಡಿತವಾಗಿ ಹೇಗೆ ಗೊತ್ತು ಎಂದು ಕೇಳಬೇಕು ಅಂತ ಇಷ್ಟು ದಿನ ನನಗೆ ತೋಚಿಯೇ ಇರಲಿಲ್ಲ.

ಇಂದ್ರಾಣಿ ಮುಷ್ಟಿ ಬಿಚ್ಚಿದಳು. ಒಳಗೆ ಬೀಗದ ಕೈಗಳ ಗೊಂಚಲಿತ್ತು.

"ಊಟದ ಮನೆ ಬೀಗ ತೆಗೀಬೇಕು ಅಂತ ಓದ್ರಲ್ಲ ಸಾ ಮೇಡಂ," ಎಂದಳು. "ಗೊಂಚಲು ನನ್ ಕೈಲೇ ಕೊಟ್ಟು ಓಗವ್ರೆ."